ಮೊಳೆ ಹೊಡೆಯಬಹುದಾದ ಬಾಡಿಗೆ ಮನೆ

ಬೆಂಗಳೂರಿನಲ್ಲಿ ನಾವು ಆರು ವರ್ಷ ಬಾಡಿಗೆಗಿದ್ದ ಮನೆಯಲ್ಲಿ ಗೋಡೆಗೆ ಒಂದೇ ಒಂದು ಮೊಳೆ ಹೊಡೆಯುವ ಹಾಗಿರಲಿಲ್ಲ. ಓನರ್ ಮೊದಲ ದಿನವೇ ಹೇಳಿಬಿಟ್ಟಿದ್ದರು. ಮದುವೆ ಫೋಟೋ, ಅಜ್ಜನ ಫೋಟೋ, ದೇವರ ಪಟ ಎಲ್ಲವೂ ಶೋಕೇಸ್ ಮೇಲೆ ಗೋಡೆಗೆ ಒರಗಿಕೊಂಡೇ ಆರು ವರ್ಷ ಕಳೆದವು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದೆವು. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟ್ ಹೊಸದು ಮಾಡಿಸುತ್ತಿದ್ದೆವು. ಆ ಹನ್ನೊಂದನೇ ತಿಂಗಳು ಹತ್ತಿರ ಬಂದಾಗಲೆಲ್ಲ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬಾಡಿಗೆ ಎಷ್ಟು ಏರಿಸುತ್ತಾರೋ, ಮಗನ ಮದುವೆ ಅಂತ ಮನೆ ಖಾಲಿ ಮಾಡಿ ಅಂತಾರೋ ಅನ್ನೋ ಯೋಚನೆ.

ಈಗ ನಾವಿರುವುದು ಫ್ರಾನ್ಸಿನ ನೈರುತ್ಯ ಮೂಲೆಯ ಜೆರ್ಸ್ ಎಂಬ ಜಿಲ್ಲೆಯಲ್ಲಿ, ನಾನೂರು ಜನರ ಒಂದು ಹಳ್ಳಿಯಲ್ಲಿ. ಇದೂ ಬಾಡಿಗೆ ಮನೆಯೇ. ಕೀಲಿ ಕೈಗೆ ಬಂದ ದಿನ ಮನೆಯ ಯಜಮಾನಿಯನ್ನು ನಾನು ಕೇಳಿದ ಮೊದಲ ಪ್ರಶ್ನೆ, ಗೋಡೆಗೆ ಮೊಳೆ ಹೊಡೆಯಬಹುದಾ ಅಂತ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಫ್ರೆಂಚ್‌ನಲ್ಲಿ ಏನೋ ತಪ್ಪಾಗಿರಬೇಕು ಅಂತ ಕೈಯಲ್ಲಿ ಸುತ್ತಿಗೆ ಹಿಡಿದ ಹಾಗೆ ಮಾಡಿ ತೋರಿಸಿದೆ. "ಅದನ್ನು ನನ್ನನ್ನು ಯಾಕೆ ಕೇಳುತ್ತೀರಿ ಮದಾಂ? ಮನೆ ನಿಮ್ಮದು," ಅಂದರು. ಆಮೇಲೆ ಅಡುಗೆ ಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಇದು ಮಾತ್ರ ಹಸಿ ಇಟ್ಟಿಗೆಯದು, ಭಾರ ತಡೆಯಲ್ಲ, ಪಟಗಳನ್ನೆಲ್ಲ ಆ ಕಡೆ ಹಾಕಿ," ಅಂತ ನಡುಮನೆಯ ಗೋಡೆ ತೋರಿಸಿದರು. ಅವತ್ತು ಸಂಜೆ ನಾನು ಹೊಡೆದ ಮೂರು ಮೊಳೆಗಳು ಇವತ್ತಿಗೂ ಅಲ್ಲೇ ಇವೆ. ಅಜ್ಜನ ಫೋಟೋ ಕೊನೆಗೂ ಗೋಡೆ ಏರಿತು.

ಊರಿನಿಂದ ಫೋನ್ ಮಾಡುವವರು, ಇಲ್ಲಿಗೆ ಬರುವ ತಯಾರಿಯಲ್ಲಿರುವವರು ಆಗಾಗ ಕೇಳುತ್ತಾರೆ. ಹಳ್ಳಿಯಲ್ಲಿ ಮನೆ ಹೇಗೆ ಸಿಕ್ಕಿತು, ಹೊರಗಿನವರಿಗೆ ಕೊಡ್ತಾರಾ, ಮಕ್ಕಳನ್ನು ಕಟ್ಟಿಕೊಂಡು ಇರೋಕೆ ಆಗುತ್ತಾ ಅಂತ. ನಮ್ಮ ಮೂರು ವರ್ಷದ ಅನುಭವ ಹೇಳುತ್ತೇನೆ.

ನನ್ನ ಗಂಡನಿಗೆ ವಿಮಾನ ತಯಾರಿಕೆಯ ಕೆಲಸ. ನಾವು ಮೊದಲು ಬಂದದ್ದು ಟುಲೂಸ್‌ಗೆ, ಅದು ವಿಮಾನ ತಯಾರಿಸುವ ಏರ್‌ಬಸ್ ಕಂಪನಿಯ ಊರು. ಊರಿನ ಪಶ್ಚಿಮದಲ್ಲಿರುವ ಬ್ಲಾನ್ಯಾಕ್, ಕೊಲೊಮಿಯೇ ಸುತ್ತ ವಿಮಾನಕ್ಕೆ ಸಂಬಂಧಪಟ್ಟ ಕಂಪನಿಗಳೇ ಹೆಚ್ಚು. ಮೊದಲ ಹತ್ತು ತಿಂಗಳು ಊರೊಳಗೆ ಎರಡು ಕೋಣೆಯ ಫ್ಲಾಟಿನಲ್ಲಿದ್ದೆವು. ಮಗಳಿಗೆ ಆಗ ಆರು, ಮಗನಿಗೆ ಮೂರು. ಮಕ್ಕಳು ಓಡಿದರೆ ಕೆಳಗಿನ ಮನೆಯವರು ಪೊರಕೆ ಕೋಲಿನಿಂದ ಸೂರು ಕುಟ್ಟುತ್ತಿದ್ದರು. ನಾನು ಮಲೆನಾಡಿನವಳು. ಬಾಗಿಲು ತೆಗೆದರೆ ಮಣ್ಣು ಕಾಣಬೇಕು ನನಗೆ. ಟುಲೂಸ್‌ನಿಂದ ಓಶ್ ಎಂಬ ಊರಿಗೆ ಒಂದು ರೈಲು ಹೋಗುತ್ತದೆ. ಕೊಲೊಮಿಯೇ, ಲಿಲ್ ಜೂರ್ದಾಂ, ಜಿಮೋಂ ಅಂತ ನಿಲ್ಲುತ್ತಾ ಹೋಗುವ ಸಣ್ಣ ರೈಲು. ಆ ದಾರಿಯಲ್ಲೇ ಹುಡುಕೋಣ ಅಂತ ತೀರ್ಮಾನ ಮಾಡಿದೆವು. ಗಂಡ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ರೈಲಿನಲ್ಲಿ ಕೆಲಸಕ್ಕೆ ಹೋಗಬಹುದು ಅಂತ.

ಜೆರ್ಸ್ ಅಂದರೆ ಅಲೆ ಅಲೆಯಾಗಿ ಹಬ್ಬಿದ ಗುಡ್ಡಗಳು, ಸೂರ್ಯಕಾಂತಿ, ಗೋಧಿ, ಬೆಳ್ಳುಳ್ಳಿ, ಬಾತುಕೋಳಿ. ಆಕಾಶ ತಿಳಿಯಾಗಿದ್ದ ದಿನ ದಕ್ಷಿಣಕ್ಕೆ ಪಿರೆನೀಸ್ ಬೆಟ್ಟದ ಸಾಲು ಕಾಣುತ್ತದೆ. ತೀರಾ ಹತ್ತಿರ ಕಂಡರೆ ಮಳೆ ಬರುತ್ತದೆ ಅಂತ ಇಲ್ಲಿನವರ ಮಾತು. ನಮ್ಮ ಕಡೆ ಇರುವೆ ಮೊಟ್ಟೆ ಹೊತ್ತರೆ ಮಳೆ ಅನ್ನುತ್ತಾರಲ್ಲ, ಹಾಗೆ.

ಮನೆ ಹುಡುಕುವುದು ಮಾತ್ರ ಸುಲಭವಾಗಲಿಲ್ಲ. ಇಲ್ಲಿ ಬಹಳ ಜನ ನೋಡುವ ಜಾಹೀರಾತು ತಾಣ ಲಬೋಂಕ್ವಾಂ. ಹಳೇ ಸೈಕಲ್‌ನಿಂದ ಹಿಡಿದು ಮನೆವರೆಗೆ ಎಲ್ಲ ಅದರಲ್ಲಿ ಸಿಗುತ್ತದೆ. ಹಳ್ಳಿ ಮನೆಗಳ ಚಂದದ ಫೋಟೋಗಳು, ಕಡಿಮೆ ಬಾಡಿಗೆ. ಓದುತ್ತಾ ಹೋದರೆ ಕೊನೆಯಲ್ಲಿ ಒಂದು ಸಾಲು: ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಮಾತ್ರ. ಅವು ಜೀತ್ ಅನ್ನುವ ಮನೆಗಳು, ಬೇಸಿಗೆ ಪ್ರವಾಸಿಗರಿಗಾಗಿ ಇಟ್ಟುಕೊಂಡವು. ಚಳಿಗಾಲದಲ್ಲಿ ಖಾಲಿ ಬೀಳಬಾರದು ಅಂತ ನಮ್ಮಂಥವರಿಗೆ ಕೊಟ್ಟು, ಜುಲೈ ಬಂದ ಕೂಡಲೇ ಎಬ್ಬಿಸುತ್ತಾರೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅಂಥ ಮನೆಯ ಹತ್ತಿರವೂ ಹೋಗಬೇಡಿ. ಇನ್ನೊಂದು ಮೋಸವೂ ಇದೆ. "ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಕಳಿಸಿ, ಕೀಲಿ ಪೋಸ್ಟಿನಲ್ಲಿ ಬರುತ್ತದೆ" ಅನ್ನುವವರು. ಕರಾರಿಗೆ ಸಹಿ ಆಗುವ ಮೊದಲು ಮನೆಯವರು ಒಂದು ಪೈಸೆ ಕೇಳುವ ಹಾಗಿಲ್ಲ. ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಫ್ರಾನ್ಸಿನಲ್ಲಿ ಮನೆ ಸಿಗುವುದು ಕಾಗದಕ್ಕೆ. ಆ ಕಾಗದದ ಕಟ್ಟಿಗೆ ದೋಸಿಯೇ ಅನ್ನುತ್ತಾರೆ. ಪಾಸ್‌ಪೋರ್ಟ್ ಇಲ್ಲವೇ ವಾಸದ ಕಾರ್ಡು, ಕೆಲಸದ ಕರಾರು, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ತೆರಿಗೆ ಇಲಾಖೆಯ ಪತ್ರ, ಹಿಂದಿನ ಮನೆಯ ಬಾಡಿಗೆ ರಸೀದಿ. ಸಂಬಳ ಬಾಡಿಗೆಯ ಮೂರು ಪಟ್ಟು ಇರಬೇಕು ಅನ್ನುವುದು ಕಾನೂನಲ್ಲ, ಆದರೆ ಎಲ್ಲರೂ ಅದನ್ನೇ ನೋಡುತ್ತಾರೆ. ಅದರ ಮೇಲೆ ಗರಾಂ, ಅಂದರೆ ಜಾಮೀನುದಾರ. ಹೊಸದಾಗಿ ಬಂದವರ ಬಳಿ ತೆರಿಗೆ ಪತ್ರವೂ ಇರಲ್ಲ, ಜಾಮೀನು ನಿಲ್ಲುವ ನೆಂಟರೂ ಇರಲ್ಲ. ಜಾಮೀನುದಾರರು ಫ್ರೆಂಚರಲ್ಲ ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನುವ ಹಾಗಿಲ್ಲ ಅಂತ ಕಾನೂನಿದೆ. ನಿಜವಾಗಿ ನಡೆಯುವುದು ಬೇರೆ. ಫೋನೇ ಎತ್ತುವುದಿಲ್ಲ, ಅಷ್ಟೇ. ಒಂದು ಏಜೆನ್ಸಿಯವರು ನಮ್ಮ ಕಾಗದಗಳನ್ನು ಮೂರು ಸಲ ತರಿಸಿಕೊಂಡರು, ಮೂರು ಸಲವೂ ಸಿಗುತ್ತಿಲ್ಲ ಅಂದರು. ಆ ವಾರ ನಾನು ಅತ್ತುಬಿಟ್ಟಿದ್ದೆ.

ಬರುವವರಿಗೆ ಎರಡು ಮಾತು. ಸರ್ಕಾರದ್ದೇ ದೋಸಿಯೇಫಾಸಿಲ್ ಅನ್ನುವ ಉಚಿತ ತಾಣವಿದೆ. ಕಾಗದಗಳನ್ನೆಲ್ಲ ಅಲ್ಲಿ ಹಾಕಿದರೆ ಸರಿಯಾಗಿವೆಯಾ ಅಂತ ನೋಡಿ, ಒಂದೇ ಲಿಂಕ್ ಮಾಡಿ ಕೊಡುತ್ತಾರೆ. ಮನೆಯವರಿಗೆ ಅದನ್ನು ಕಂಡರೆ ನಂಬಿಕೆ. ಹಾಗೇ ವಿಸಾಲ್ ಅಂತ ಒಂದು ಉಚಿತ ಜಾಮೀನು ವ್ಯವಸ್ಥೆ ಇದೆ. ಮೂವತ್ತರ ಒಳಗಿನವರಿಗೆ ಸುಲಭವಾಗಿ ಸಿಗುತ್ತದೆ, ಮೂವತ್ತು ದಾಟಿದವರಿಗೆ ಷರತ್ತುಗಳಿವೆ. ಇನ್ನು ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್ ಕೇಳುವ ಹಕ್ಕು ಮನೆಯವರಿಗೆ ಇಲ್ಲ. ಕೇಳಿದರೂ ಕೊಡಬೇಡಿ.

ನಮಗೆ ಮನೆ ಕೊನೆಗೆ ಸಿಕ್ಕಿದ್ದು ಜಾಹೀರಾತಿನಿಂದಲ್ಲ. ಫ್ರಾನ್ಸಿನಲ್ಲಿ ಸುಮಾರು 35,000 ಕೊಮ್ಯೂನ್‌ಗಳಿವೆ, ಅಂದರೆ ಸ್ವಂತ ಆಡಳಿತ ಇರುವ ಊರುಗಳು. ಇನ್ನೂರು ಜನರ ಹಳ್ಳಿಯಾದರೂ ಸರಿ, ಅದಕ್ಕೊಬ್ಬ ಮೇಯರ್, ಅದಕ್ಕೊಂದು ಕಚೇರಿ. ಆ ಕಚೇರಿಗೆ ಮೆರಿ ಅನ್ನುತ್ತಾರೆ. ನಮ್ಮ ಪಂಚಾಯಿತಿ ಆಫೀಸ್ ಇದ್ದ ಹಾಗೆ. ಸಣ್ಣ ಊರುಗಳಲ್ಲಿ ವಾರಕ್ಕೆ ಎರಡು ಮೂರು ಹೊತ್ತು ಮಾತ್ರ ತೆಗೆದಿರುತ್ತದೆ. ಇಲ್ಲಿ ಮನೆ ಸಿಕ್ಕರೆ ಮಕ್ಕಳಿಗೆ ಶಾಲೆಯಲ್ಲಿ ಜಾಗ ಇದೆಯಾ ಅಂತ ವಿಚಾರಿಸಲು ಒಂದು ಮೆರಿಗೆ ಹೋಗಿದ್ದೆವು. ಕಚೇರಿಯ ಹೆಂಗಸು ಮಕ್ಕಳಿಬ್ಬರನ್ನೂ ನೋಡಿದರು. "ಇಬ್ಬರೂ ನಮ್ಮ ಶಾಲೆಗೇ ಬರ್ತಾರಾ?" ಅಂದರು. ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರೆ ತರಗತಿ ಮುಚ್ಚಿಬಿಡುತ್ತಾರೆ. ಎರಡು ಮಕ್ಕಳು ಅಂದರೆ ಅವರಿಗೆ ದೊಡ್ಡ ವಿಷಯ. ಅಲ್ಲೇ ಫೋನ್ ಎತ್ತಿ ಯಾರಿಗೋ ಮಾತಾಡಿದರು. ಚರ್ಚಿನ ಹಿಂದಿನ ಮನೆ ಒಂದು ವರ್ಷದಿಂದ ಖಾಲಿ ಇದೆ, ಯಜಮಾನಿ ನಾಲ್ಕು ಕಿಲೋಮೀಟರ್ ಆಚೆ ಇದ್ದಾರೆ, ನಾಳೆ ಬನ್ನಿ ಅಂದರು. ನೀವು ಹಳ್ಳಿಯಲ್ಲಿ ಮನೆ ಹುಡುಕುತ್ತಿದ್ದರೆ ಮೊದಲು ಮೆರಿಗೆ ಹೋಗಿ. ಕೆಲವು ಕಡೆ ಕೊಮ್ಯೂನ್‌ನದ್ದೇ ಬಾಡಿಗೆ ಮನೆಗಳು ಇರುತ್ತವೆ, ಹಳೇ ಶಾಲೆಯ ಮೇಲಿನ ಮಹಡಿಯಂಥವು. ಅವು ಯಾವ ಜಾಹೀರಾತಿಗೂ ಬರುವುದಿಲ್ಲ.

ಯಜಮಾನಿಗೆ ಎಪ್ಪತ್ತು ದಾಟಿದೆ. ಮನೆ ಅವರ ಅಪ್ಪ ಅಮ್ಮನದು. ಕೆಳಗೆ ನಡುಮನೆ, ಅಡುಗೆ ಮನೆ, ಮೇಲೆ ಮೂರು ಕೋಣೆ, ಹಿಂದೆ ಒಂದು ಕೊಟ್ಟಿಗೆ, ಅಂಜೂರದ ಮರ. ನಮ್ಮ ದೋಸಿಯೇ ಮೇಜಿನ ಮೇಲಿಟ್ಟೆವು. ಅವರು ಅದನ್ನು ತೆಗೆದೂ ನೋಡದೆ ಎರಡು ಪ್ರಶ್ನೆ ಕೇಳಿದರು. ಬೇಲಿ ಗಿಡ ಯಾರು ಕತ್ತರಿಸುತ್ತೀರಿ? ಚಳಿಗಾಲದಲ್ಲಿ ದಿನಾ ಬೆಂಕಿ ಹಾಕುತ್ತೀರಾ? ಬೆಂಕಿ ಇಲ್ಲದ ಮನೆ ಒಂದೇ ವರ್ಷದಲ್ಲಿ ಥಂಡಿ ಹಿಡಿದು ಹಾಳಾಗುತ್ತದೆ ಅಂತ ಹೇಳುವಾಗ ಅವರ ಧ್ವನಿ ಸಣ್ಣಗಾಗಿತ್ತು. ನನಗೆ ನಮ್ಮೂರಿನ ಬಾಗಿಲು ಹಾಕಿದ ಮನೆಗಳು ನೆನಪಾದವು. ಒಲೆ ಹೊಗೆ ಕಾಣದ ಸೂರು ಎರಡು ಮಳೆಗಾಲ ತಡೆಯಲ್ಲ ಅಂತ ನಮ್ಮಜ್ಜಿಯೂ ಅನ್ನುತ್ತಿದ್ದರು. ನನ್ನ ಹರಕು ಮುರುಕು ಫ್ರೆಂಚ್‌ನಲ್ಲಿ ಅದನ್ನೇ ಹೇಳಿದೆ. ಮನೆ ಕೊಡುವುದು ಅಲ್ಲೇ ಇತ್ಯರ್ಥವಾಯಿತು. ದೋಸಿಯೇಯನ್ನು ಆಮೇಲೆ ನೋಡಿದರು, ಅದೂ ಪೂರ್ತಿಯಾಗಿ.

ಕರಾರಿಗೆ ಇಲ್ಲಿ ಬೈ ಅನ್ನುತ್ತಾರೆ. ಎಲ್ಲದಕ್ಕೂ ಆಧಾರ 1989ರ ಜುಲೈ 6ರ ಕಾನೂನು. ಸಾಮಾನಿಲ್ಲದ ಖಾಲಿ ಮನೆಯನ್ನು ಒಬ್ಬ ವ್ಯಕ್ತಿ ಬಾಡಿಗೆಗೆ ಕೊಟ್ಟರೆ ಕರಾರು ಕನಿಷ್ಠ ಮೂರು ವರ್ಷದ್ದು. ಸಾಮಾನು ಸಮೇತ ಕೊಟ್ಟರೆ ಒಂದು ವರ್ಷ. ಖಾಲಿ ಮನೆಗೆ ಅಡ್ವಾನ್ಸ್ ಒಂದೇ ಒಂದು ತಿಂಗಳ ಬಾಡಿಗೆ. ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಬಾಡಿಗೆ 870 ಯೂರೋ, ಅಡ್ವಾನ್ಸೂ 870 ಯೂರೋ. ಇದನ್ನು ಕೇಳಿ ಬೆಂಗಳೂರಿನಲ್ಲಿರುವ ನನ್ನ ತಂಗಿ ನಂಬಲೇ ಇಲ್ಲ.

ಬಿಡಬೇಕಾದರೆ ನಾವು ಯಾವಾಗ ಬೇಕಾದರೂ ಮೂರು ತಿಂಗಳ ಮುಂಚೆ ತಿಳಿಸಿ ಬಿಡಬಹುದು. ಕೆಲಸ ಹೋದರೆ, ವರ್ಗವಾದರೆ ಒಂದೇ ತಿಂಗಳು ಸಾಕು. ಆದರೆ ಬಿಡಿಸಬೇಕಾದರೆ ಯಜಮಾನಿ ಕರಾರು ಮುಗಿಯುವುದಕ್ಕೆ ಆರು ತಿಂಗಳು ಮೊದಲೇ ಕಾರಣ ಸಮೇತ ಪತ್ರ ಕೊಡಬೇಕು. ಆ ಕಾರಣ ಮನೆ ಮಾರುವುದು, ತಾವೋ ತಮ್ಮ ಹತ್ತಿರದವರೋ ಬಂದು ಇರುವುದು, ಇಲ್ಲವೇ ನಮ್ಮ ಕಡೆಯಿಂದ ದೊಡ್ಡ ತಪ್ಪಿನಂಥ ಗಟ್ಟಿ ಕಾರಣ, ಇವಿಷ್ಟರಲ್ಲಿ ಒಂದಾಗಿರಬೇಕು. ಮಾರಲಿಕ್ಕೇ ಬಿಡಿಸುವುದಾದರೆ ಕೊಳ್ಳುವ ಮೊದಲ ಅವಕಾಶ ಖಾಲಿ ಮನೆಯಲ್ಲಿರುವ ಬಾಡಿಗೆದಾರರಿಗೆ. ನಡುವೆಯೇ ಬೇರೆಯವರಿಗೆ ಮಾರಿದರೂ ಕರಾರು ಹಾಗೇ ಮುಂದುವರಿಯುತ್ತದೆ, ಹೊಸ ಮಾಲೀಕರು ನಮ್ಮನ್ನು ಎಬ್ಬಿಸುವಂತಿಲ್ಲ. ಬಾಡಿಗೆಯೂ ಮನಸ್ಸಿಗೆ ಬಂದ ಹಾಗೆ ಏರುವುದಿಲ್ಲ. ಸರ್ಕಾರದ ಅಂಕಿಅಂಶ ಸಂಸ್ಥೆ ಇನ್ಸೇ ಮೂರು ತಿಂಗಳಿಗೊಮ್ಮೆ ಒಂದು ಸೂಚ್ಯಂಕ ಹೊರಡಿಸುತ್ತದೆ. ವರ್ಷಕ್ಕೊಮ್ಮೆ ಅದರ ಲೆಕ್ಕದಲ್ಲಿ ಮಾತ್ರ ಏರಿಸಬಹುದು. 2023ರಲ್ಲಿ ಎಲ್ಲದರ ಬೆಲೆ ಗಗನಕ್ಕೇರಿದಾಗಲೂ ಬಾಡಿಗೆ ಏರಿಕೆಗೆ ನೂರಕ್ಕೆ 3.5ರ ಮಿತಿ ಹಾಕಿದ್ದರು. 870 ಇದ್ದದ್ದು 900 ಆಯಿತು.

ಮನೆ ನೋಡುವಾಗ ಒಂದು ಅಕ್ಷರ ತಪ್ಪದೆ ನೋಡಿ. ಎ ಇಂದ ಜಿ ವರೆಗೆ ಪ್ರತಿ ಮನೆಗೂ ಶಾಖದ ಖರ್ಚಿನ ದರ್ಜೆ ಇರುತ್ತದೆ. ಜಿ ದರ್ಜೆಯ ಮನೆಗಳನ್ನು 2025ರ ಜನವರಿ 1ರಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ, ಎಫ್ ದರ್ಜೆಯವಕ್ಕೆ 2028ರವರೆಗೆ ಸಮಯ. ನಮ್ಮದು ಇ. ಹಳ್ಳಿಯ ಹಳೇ ಮನೆಗಳಲ್ಲಿ ಬಾಡಿಗೆ ಕಡಿಮೆ ಅಂತ ಹೋಗಿ, ಚಳಿಗಾಲದಲ್ಲಿ ಅದರಷ್ಟೇ ದುಡ್ಡು ಹೀಟರಿಗೆ ಸುರಿಯುವವರನ್ನು ನೋಡಿದ್ದೇನೆ. 1949ಕ್ಕಿಂತ ಹಳೇ ಮನೆಯಾದರೆ ಬಣ್ಣದಲ್ಲಿ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸಿದ ವರದಿಯನ್ನೂ ಕೊಡಬೇಕು. ಗೋಡೆ ಕೆರೆದು ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿದ್ದರೆ ಅದನ್ನು ಕೇಳಿ ಓದಿ.

ಕೀಲಿ ಕೊಡುವ ದಿನದ ಕೆಲಸಕ್ಕೆ ಎತಾ ದೆ ಲ್ಯೂ ಅಂತ ಹೆಸರು. ಮನೆ ಹೇಗಿದೆ ಅನ್ನುವುದನ್ನು ಇಬ್ಬರೂ ಒಟ್ಟಿಗೆ ನೋಡಿ ಬರೆದುಕೊಂಡು ಸಹಿ ಹಾಕುವುದು. 2022ರ ಸೆಪ್ಟೆಂಬರ್ 15. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು ಮುಗಿದಾಗ ಒಂದು ಗಂಟೆ. ಪ್ರತಿ ಕೋಣೆಯ ನೆಲ, ಗೋಡೆ, ಸೂರು, ಕಿಟಕಿ, ಕಿಟಕಿಗೆ ಹೊರಗಿನಿಂದ ಹಾಕುವ ಮರದ ಬಾಗಿಲು, ಸ್ವಿಚ್ಚು, ನಲ್ಲಿ. ಕೀಲಿಗಳನ್ನು ಎಣಿಸಿದೆವು, ಒಟ್ಟು ಒಂಬತ್ತು, ಅದರಲ್ಲಿ ಒಂದು ಯಾವುದಕ್ಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಅದನ್ನೂ ಹಾಗೇ ಬರೆದೆವು. ಆ ವರ್ಷ ಫ್ರಾನ್ಸಿನಲ್ಲಿ ಭಾರೀ ಬರಗಾಲ. ಜೆರ್ಸ್‌ನದ್ದು ಜೇಡಿ ಮಣ್ಣು, ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ, ಮೇಲಿರುವ ಮನೆಗಳು ಬಿರುಕು ಬಿಡುತ್ತವೆ. ಅಡುಗೆ ಮನೆ ಕಿಟಕಿಯ ಮೇಲೆ ಸೂರಿನವರೆಗೆ ಒಂದು ಸಣ್ಣ ಬಿರುಕಿತ್ತು. ನಾನು ಗಮನಿಸಿರಲಿಲ್ಲ. ಯಜಮಾನಿ ಕುರ್ಚಿ ಹತ್ತಿ, ಪರ್ಸಿನಿಂದ ಒಂದು ಸೆಂಟಿನ ನಾಣ್ಯ ತೆಗೆದು ಬಿರುಕಿನ ಬಾಯಿಗೆ ಹಿಡಿದರು. "ನಾಣ್ಯದ ದಪ್ಪ ಇದೆ. ಫೋಟೋ ತೆಗೆಯಿರಿ, ಕಾಗದದಲ್ಲಿ ಬರೆಯಿರಿ. ನಾಳೆ ದೊಡ್ಡದಾದರೆ ನಿಮ್ಮ ತಲೆಗೆ ಬರಬಾರದು," ಅಂದರು.

ಆ ಒಂದು ಗಳಿಗೆಯನ್ನು ನಾನು ಮರೆಯಲ್ಲ. ಮನೆ ಬಿಡುವ ದಿನ ಇದೇ ಕಾಗದವನ್ನು ಇಟ್ಟುಕೊಂಡು ಹೋಲಿಸುತ್ತಾರೆ. ವ್ಯತ್ಯಾಸ ಇಲ್ಲದಿದ್ದರೆ ಒಂದು ತಿಂಗಳೊಳಗೆ ಅಡ್ವಾನ್ಸ್ ವಾಪಸ್ ಕೊಡಬೇಕು, ಇದ್ದರೆ ಎರಡು ತಿಂಗಳು. ಆದ್ದರಿಂದ ಅವಸರ ಮಾಡಬೇಡಿ. ಆಮೇಲೆ ಏನಾದರೂ ಕಣ್ಣಿಗೆ ಬಿದ್ದರೆ ಹತ್ತು ದಿನದೊಳಗೆ ಸೇರಿಸಲು ಕೇಳಬಹುದು. ಹೀಟರುಗಳ ವಿಷಯದಲ್ಲಿ ಚಳಿಗಾಲದ ಮೊದಲ ತಿಂಗಳವರೆಗೂ ಸಮಯವಿದೆ, ಯಾಕೆಂದರೆ ಸೆಪ್ಟೆಂಬರಿನಲ್ಲಿ ಹೀಟರ್ ಹಾಕಿ ನೋಡುವವರು ಯಾರು?

ಅಡುಗೆ ಮನೆ ಅಂದೆನಲ್ಲ, ಅಲ್ಲಿ ಒಂದು ಸಿಂಕು ಮತ್ತು ಗೋಡೆಯಿಂದ ಹೊರಗೆ ಚಾಚಿದ ಎರಡು ಪೈಪು ಬಿಟ್ಟರೆ ಏನೂ ಇರಲಿಲ್ಲ. ಖಾಲಿ ಮನೆ ಅಂದರೆ ಇಲ್ಲಿ ನಿಜವಾಗಿಯೂ ಖಾಲಿ. ಕಪಾಟು, ಒಲೆ ಎಲ್ಲ ನಾವೇ ತರಬೇಕು. ಹಳ್ಳಿಗೆ ಗ್ಯಾಸ್ ಪೈಪ್‌ಲೈನ್ ಇಲ್ಲ. ಸೂಪರ್ ಮಾರ್ಕೆಟ್ಟಿನ ಪೆಟ್ರೋಲ್ ಬಂಕಿನಲ್ಲಿ 13 ಕಿಲೋ ಸಿಲಿಂಡರ್ ಸಿಗುತ್ತದೆ, ಖಾಲಿಯದ್ದನ್ನು ಕೊಟ್ಟು ತುಂಬಿದ್ದು ತರುವುದು. ಮೊದಲ ಸಲ ಅದನ್ನು ಕಾರಿನಿಂದ ಇಳಿಸಿ, ನೆಲದ ಮೇಲೆ ಓರೆ ಮಾಡಿ ಉರುಳಿಸಿಕೊಂಡು ಒಳಗೆ ತಂದಾಗ ಅಪ್ಪ ನಮ್ಮೂರ ಮನೆಯಲ್ಲಿ ಉರುಳಿಸುತ್ತಿದ್ದದ್ದೇ ಕಣ್ಣಿಗೆ ಬಂತು. ಅವತ್ತು ಅನ್ನ, ತಿಳಿಸಾರು, ಹಪ್ಪಳ. ಊರು ಬಿಟ್ಟ ಮೇಲೆ ಗ್ಯಾಸಿನ ಬೆಂಕಿಯಲ್ಲಿ ಸುಟ್ಟ ಮೊದಲ ಹಪ್ಪಳ.

ಚಳಿಗಾಲದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಡುಮನೆಯಲ್ಲಿ ಗಾಜಿನ ಬಾಗಿಲಿನ ಸೌದೆ ಒಲೆ ಇದೆ, ಕೋಣೆಗಳಲ್ಲಿ ಕರೆಂಟ್ ಹೀಟರ್. ಸೌದೆಯನ್ನು ಇಲ್ಲಿ ಸ್ತೇರ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಮೀಟರ್ ಉದ್ದದ ತುಂಡುಗಳನ್ನು ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ ಪೇರಿಸಿದರೆ ಒಂದು ಸ್ತೇರ್. ಅದನ್ನೇ ಅರ್ಧ ಮೀಟರಿಗೆ ಕುಯ್ದರೆ ಸಂದು ಕಡಿಮೆಯಾಗಿ 0.8 ಘನ ಮೀಟರಿನಷ್ಟೇ ಜಾಗ ಹಿಡಿಯುತ್ತದೆ. ಇದು ಗೊತ್ತಿಲ್ಲದೆ ನಾವು ಟೇಪು ಹಿಡಿದು ಅಳೆದು, ಕಡಿಮೆ ಕೊಟ್ಟಿದ್ದಾರೆ ಅಂತ ಗಾಬರಿಯಾಗಿದ್ದೆವು. ಅಳತೆಯಲ್ಲಿ ಮೋಸವಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ.

ಅಮ್ಮ ಫೋನಿನಲ್ಲಿ ಕೇಳಿದರು, "ಸೌದೆ ತರಿಸಿದ್ಯಾ?"

"ಬಂತಮ್ಮ, ನಾಲ್ಕು ಸ್ತೇರ್. ಓಕ್ ಮರದ್ದು."

"ಒಣಗಿದ್ಯೇನೇ?"

"ಒಣಗಿದೆ ಅಂತ ಹೇಳಿ ಕೊಟ್ರು."

"ಹೇಳಿದ್ರೆ ಆಯ್ತಾ, ತಟ್ಟಿ ನೋಡ್ಬೇಕು," ಅಂದರು ಅಮ್ಮ.

ನಾನು ತಟ್ಟಿ ನೋಡಿರಲಿಲ್ಲ. ಒಲೆಗೆ ಹಾಕಿದರೆ ತುಂಡಿನ ತುದಿಯಲ್ಲಿ ನೊರೆ, ಸುಯ್ ಅಂತ ಸದ್ದು. ಎರಡೇ ದಿನದಲ್ಲಿ ಗಾಜು ಟಾರು ಬಳಿದ ಹಾಗೆ ಕಪ್ಪಾಯಿತು. ಮನೆ ಬಿಸಿಯಾಗಲಿಲ್ಲ. ಪಕ್ಕದ ಮನೆಯ ಹಿರಿಯರು ನಮ್ಮ ಚಿಮಣಿಯ ಹೊಗೆಯ ಬಣ್ಣ ನೋಡಿಯೇ ಬಂದರು. ಕೊಟ್ಟಿಗೆಯಿಂದ ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದರು. ಧಪ್ ಅಂತು. ತಮ್ಮ ಮನೆಯಿಂದ ಎರಡು ತಂದು ಬಡಿದರು. ಟಣ್ ಅಂತು. ತುದಿಯಲ್ಲಿ ಸೀಳಿದ ಗೆರೆಗಳನ್ನು ಬೆರಳಿಟ್ಟು ತೋರಿಸಿದರು. ಓಕ್ ಎರಡು ಬೇಸಿಗೆ ಒಣಗಬೇಕು, ನಿಮ್ಮದು ಈ ವರ್ಷ ಕಡಿದದ್ದು ಅಂದರು. ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ತಮ್ಮ ಒಣ ಸೌದೆ ಎರಡು ಸ್ತೇರ್ ತಂದು ಇಳಿಸಿ, ನಮ್ಮ ಹಸಿಯದ್ದನ್ನು ಅಷ್ಟೇ ತುಂಬಿಕೊಂಡು ಹೋದರು. "ನನಗೇನು ಅವಸರ ಇಲ್ಲ, ನನ್ನ ಕೊಟ್ಟಿಗೆಯಲ್ಲಿ ಒಣಗುತ್ತೆ," ಅಂದರು. ಈಗ ನಾನು ಮುಂದಿನ ವರ್ಷದ ಸೌದೆಯನ್ನು ಈ ವರ್ಷವೇ ತರಿಸುತ್ತೇನೆ. ಮಳೆಗಾಲಕ್ಕೆ ಮುಂಚೆ ಅಜ್ಜಿ ಬಚ್ಚಲು ಒಲೆಯ ಸೌದೆ ಪೇರಿಸಿಡುತ್ತಿದ್ದ ಹಾಗೆ, ತೊಗಟೆ ಮೇಲಾಗಿ.

ಇಂಥ ಮನೆಯಲ್ಲಿ ಬಾಡಿಗೆದಾರರ ಕೆಲಸ ಅಂತಲೇ ಕೆಲವು ಇವೆ. ವರ್ಷಕ್ಕೊಮ್ಮೆ ಚಿಮಣಿ ಗುಡಿಸುವವರನ್ನು ಕರೆಸಿ ಅವರ ಚೀಟಿ ಇಟ್ಟುಕೊಳ್ಳಬೇಕು. ಬೆಂಕಿ ಬಿದ್ದರೆ ವಿಮೆಯವರು ಮೊದಲು ಕೇಳುವುದು ಅದನ್ನೇ. ಮನೆ ವಿಮೆ ಕಡ್ಡಾಯ, ಅದರ ಪತ್ರ ಇಲ್ಲದೆ ಕೀಲಿಯೇ ಸಿಗಲ್ಲ. ಬೇಲಿ ಗಿಡ, ಹುಲ್ಲು ಕತ್ತರಿಸುವುದು ನಮ್ಮದು. ಹಳ್ಳಿಯಲ್ಲಿ ಒಳಚರಂಡಿ ಇಲ್ಲದಿದ್ದರೆ ಸೆಪ್ಟಿಕ್ ಗುಂಡಿ ಖಾಲಿ ಮಾಡಿಸುವ ಖರ್ಚೂ ನಮ್ಮದೇ. ಸೂರು, ಗೋಡೆ, ಬಾಯ್ಲರ್ ಕೆಟ್ಟರೆ ಯಜಮಾನರದ್ದು. ಏನೇ ಕೇಳುವುದಿದ್ದರೂ ಬಾಯಲ್ಲಿ ಹೇಳಿದರೆ ಸಾಲದು, ಮುಖ್ಯವಾದದ್ದಕ್ಕೆಲ್ಲ ರಿಜಿಸ್ಟರ್ಡ್ ಪೋಸ್ಟ್. ಮೊದಮೊದಲು ಇದು ಜಗಳದ ಹಾಗೆ ಕಾಣುತ್ತಿತ್ತು. ಇಲ್ಲಿ ಅದು ಮರ್ಯಾದೆಯ ಕ್ರಮ.

ಶಾಲೆಯ ವಿಷಯ ಸುಲಭವಾಯಿತು. ಇಲ್ಲಿ ಮೂರು ವರ್ಷ ತುಂಬಿದ ಮಕ್ಕಳಿಗೆ ಶಾಲೆ ಕಡ್ಡಾಯ, ಫೀಸಿಲ್ಲ. ಮೆರಿಯಲ್ಲಿ ವಿಳಾಸದ ಪುರಾವೆ, ಜನನ ಪ್ರಮಾಣಪತ್ರ, ಲಸಿಕೆಯ ಪುಸ್ತಕ ತೋರಿಸಿದರೆ ಸೇರಿಸಿಕೊಳ್ಳುತ್ತಾರೆ. ಕಾರು ಮಾತ್ರ ಬೇಕೇ ಬೇಕು. ನಮ್ಮ ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಒಂದು ವರ್ಷ ನಡೆಯುತ್ತದೆ. ಆಮೇಲೆ ನಾನು ಇಲ್ಲಿನ ಪರೀಕ್ಷೆ ಬರೆದೆ. 40 ಪ್ರಶ್ನೆಗಳಲ್ಲಿ 35 ಸರಿಯಾಗಬೇಕು. ಡಾಕ್ಟರು ಹತ್ತಿರದಲ್ಲಿ ಸಿಗುವುದು ಕಷ್ಟ, ಮಕ್ಕಳಿರುವವರು ಮನೆ ಗೊತ್ತು ಮಾಡುವ ಮೊದಲೇ ಅದನ್ನು ವಿಚಾರಿಸಿ.

ಮನೆಗೆ ಬಂದ ಮೊದಲ ಶರತ್ಕಾಲದ ಒಂದು ಮಾತು ಹೇಳಲೇಬೇಕು. ಒಂದು ಬೆಳಿಗ್ಗೆ ಗೇಟಿನ ಗಂಟೆ ಬಾರಿಸಿತು. ನೋಡಿದರೆ ಯಜಮಾನಿ, ಕೈಯಲ್ಲಿ ಖಾಲಿ ಬಕೆಟ್. ಗೇಟಿಗೆ ಬೀಗ ಇರಲಿಲ್ಲ, ಸುಮ್ನೆ ತಳ್ಳಿದರೆ ಸಾಕಿತ್ತು. ಅವರು ಹುಟ್ಟಿ ಬೆಳೆದ ಅಂಗಳ. ಆದರೂ ರಸ್ತೆಯಲ್ಲೇ ನಿಂತಿದ್ದರು. "ತೊಂದರೆ ಇಲ್ಲದಿದ್ದರೆ ಸ್ವಲ್ಪ ಅಂಜೂರ ಕಿತ್ತುಕೊಳ್ಳಬಹುದಾ?" ಅಂತ ಕೇಳಿದರು. ಮರ ಅವರ ಅಪ್ಪ ನೆಟ್ಟದ್ದು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬೆಂಗಳೂರಿನಲ್ಲಿ ಓನರ್ ಬಾಗಿಲು ಬಡಿಯದೆ ನೇರ ಅಡುಗೆ ಮನೆಗೆ ಬಂದು ನಲ್ಲಿ ತಿರುಗಿಸಿ ನೋಡುತ್ತಿದ್ದ ದಿನಗಳು ನೆನಪಾದವು. ಬಾಡಿಗೆಗೆ ಕೊಟ್ಟ ಮನೆಯೊಳಗೆ ಇರುವವರ ಒಪ್ಪಿಗೆ ಇಲ್ಲದೆ ಯಜಮಾನರು ಕಾಲಿಡುವಂತಿಲ್ಲ ಅಂತ ಇಲ್ಲಿ ಕಾನೂನೇ ಇದೆ. ಆದರೆ ಅವತ್ತು ಅವರು ಗೇಟಿನ ಹೊರಗೆ ನಿಂತದ್ದು ಕಾನೂನಿಗೆ ಹೆದರಿ ಅಲ್ಲ ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇಬ್ಬರೂ ಸೇರಿ ಬಕೆಟ್ ತುಂಬಿಸಿದೆವು. ಅರ್ಧ ಅವರಿಗೆ, ಅರ್ಧ ನಮಗೆ. ಅಂದಿನಿಂದ ಪ್ರತಿ ಸೆಪ್ಟೆಂಬರಿಗೂ ಇದು ನಡೆಯುತ್ತದೆ, ಈಗಲೂ ಗಂಟೆ ಬಾರಿಸಿಯೇ ಬರುತ್ತಾರೆ.

ನಮ್ಮ ಮೂರು ವರ್ಷ ಮುಗಿಯುವುದು 2025ರ ಸೆಪ್ಟೆಂಬರಿನಲ್ಲಿ. ಅಂದರೆ ಬಿಡಿಸುವ ಪತ್ರ ಬರುವುದಿದ್ದರೆ ಮಾರ್ಚ್ ಮಧ್ಯದೊಳಗೆ ಬರಬೇಕು. ಫೆಬ್ರವರಿಯಿಂದಲೇ ನನಗೆ ಹಳೇ ಹನ್ನೊಂದನೇ ತಿಂಗಳ ಭಯ ಮರಳಿ ಬಂತು. ಪೋಸ್ಟಿನ ಹಳದಿ ವ್ಯಾನ್ ಚರ್ಚಿನ ತಿರುವಿನಲ್ಲಿ ಕಂಡರೆ ಕೈಯಲ್ಲಿದ್ದದ್ದನ್ನು ಬಿಟ್ಟು ಕಿಟಕಿಗೆ ಹೋಗುತ್ತಿದ್ದೆ. ಮಾರ್ಚ್ 14 ಬಂತು, 15 ಬಂತು, 16 ಕಳೆಯಿತು. ಪತ್ರ ಬರಲಿಲ್ಲ. ಪತ್ರ ಬಾರದಿದ್ದರೆ ಕರಾರು ತಾನಾಗಿಯೇ ಇನ್ನು ಮೂರು ವರ್ಷ ಮುಂದುವರಿಯುತ್ತದೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಸಹಿ ಬೇಕಿಲ್ಲ, ಬ್ರೋಕರ್ ಬೇಕಿಲ್ಲ. ಅವತ್ತು ರಾತ್ರಿ ಪಾಯಸ ಮಾಡಿದೆ. ಮಕ್ಕಳು ಯಾವ ಹಬ್ಬ ಅಂತ ಕೇಳಿದರು.

ಈ ಸೆಪ್ಟೆಂಬರಿನಲ್ಲಿ ಅಂಜೂರ ಕೀಳುವಾಗ ಯಜಮಾನಿಯ ಹತ್ತಿರ ಒಂದು ವಿಷಯ ಕೇಳಿದೆ. ಒಗ್ಗರಣೆಯ ಘಾಟು ಮನೆಯೊಳಗೇ ನಿಲ್ಲುತ್ತದೆ, ಒಲೆಯ ಮೇಲಿನ ಗೋಡೆಯಲ್ಲಿ ಫ್ಯಾನಿನ ಪೈಪ್ ಹೋಗುವಷ್ಟು ತೂತು ಮಾಡಿಸಬಹುದಾ ಅಂತ. ಮೊಳೆಗೆ ಒಪ್ಪಿಗೆ ಬೇಡ, ಬಣ್ಣಕ್ಕೂ ಬೇಡ. ಗೋಡೆಯನ್ನೇ ಕೊರೆಯಬೇಕಾದರೆ ಬರವಣಿಗೆಯಲ್ಲಿ ಒಪ್ಪಿಗೆ ಬೇಕು. "ಪತ್ರ ಬರೆಯಿರಿ," ಅಂದರು. ಬರೆದು, ಗೋಡೆಯ ಅಳತೆ, ಪೈಪಿನ ಅಗಲ ಎಲ್ಲ ಹಾಕಿ ಕಳಿಸಿದೆ. ನಾಲ್ಕನೇ ದಿನ ಉತ್ತರ ಬಂತು. ಒಪ್ಪಿಗೆ, ತಾರೀಖು, ಸಹಿ. ಕೆಳಗೆ ನೀಲಿ ಶಾಯಿಯಲ್ಲಿ ಎರಡು ಸಾಲು: ಆ ಗೋಡೆ ಹಸಿ ಇಟ್ಟಿಗೆಯದು ಅಂತ ನೆನಪಿರಲಿ, ಡ್ರಿಲ್ಲನ್ನು ಬಡಿಯುವ ಹಾಗೆ ಓಡಿಸಬೇಡಿ, ನಿಧಾನಕ್ಕೆ ತಿರುಗಲಿ. ಕಿಟಕಿಯ ಮೇಲಿನ ಬಿರುಕಿನಿಂದ ದೂರ ಇರಲಿ.

ಪಕ್ಕದ ಮನೆಯ ಹಿರಿಯರು ತಮ್ಮ ಡ್ರಿಲ್ ಕೊಡುತ್ತೇನೆ ಅಂದಿದ್ದಾರೆ. ಶನಿವಾರ ಬೆಳಿಗ್ಗೆ ಕೊರೆಯುತ್ತೇವೆ.